ಉಪವಾಸದ ಮನೆಯಲ್ಲಿ ಅಭಯದಾನ

॥ ಶ್ರೀ ವೀತರಾಗಾಯ ನಮಃ ॥



ಪಂಚಪರಮೇಷ್ಠಿಗಳಿಗೆ ತ್ರಿಕರಣಪೂರ್ವಕವಾಗಿ ನಮಸ್ಕರಿಸಿ, ಒಂದು ಸಣ್ಣ ಪ್ರಾಣಿಯನ್ನು ನೆಪವಾಗಿಟ್ಟುಕೊಂಡು ಒಂದು ದೊಡ್ಡ ವಿಷಯವನ್ನು ಇಂದು ವಿಚಾರಮಾಡೋಣ. ಆ ಪ್ರಾಣಿ ಅಳಿಲು. ಕೆಲವು ಕಡೆ ಇದನ್ನೇ ಇಣಚಿ ಎನ್ನುವರು. ಬೆನ್ನಿನ ಮೇಲೆ ಮೂರು ಬಿಳಿಯ ಗೆರೆಗಳುಳ್ಳ ಈ ಜೀವ ನಮ್ಮ ತೆಂಗಿನ ತೋಟಗಳಲ್ಲಿಯೂ, ಮನೆಯ ಹೆಂಚಿನ ಸಂದಿನಲ್ಲಿಯೂ, ಬಸದಿಯ ಪ್ರಾಕಾರದ ಮರಗಳಲ್ಲಿಯೂ ಮನುಷ್ಯನ ನೆರೆಯಲ್ಲಿಯೇ ಬಾಳುತ್ತದೆ. ಅತ್ಯಲ್ಪವಾದ ಸೇವೆಗೆ ‘ಅಳಿಲು ಸೇವೆ’ ಎಂದು ಹೆಸರಿಟ್ಟ ಲೋಕವು, ಆ ಅಳಿಲಿಗೆ ನಾವು ಮಾಡಬೇಕಾದ ಸೇವೆ ಏನೆಂಬುದನ್ನು ಮಾತ್ರ ಹೆಚ್ಚಾಗಿ ಯೋಚಿಸಿಲ್ಲ.

ಜಿನಾಗಮದ ದೃಷ್ಟಿಯಲ್ಲಿ ಅಳಿಲು ಕ್ಷುದ್ರಜೀವವಲ್ಲ. ಸ್ಪರ್ಶನ, ರಸನ, ಘ್ರಾಣ, ಚಕ್ಷು, ಶ್ರೋತ್ರಗಳೆಂಬ ಐದು ಇಂದ್ರಿಯಗಳೂ ಮನಸ್ಸೂ ಉಳ್ಳ ಸಂಜ್ಞೀ ಪಂಚೇಂದ್ರಿಯ ತಿರ್ಯಂಚವದು. ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಆಯು, ಶ್ವಾಸೋಚ್ಛ್ವಾಸ ಎಂಬ ಹತ್ತು ಪ್ರಾಣಗಳೂ ಅದಕ್ಕುಂಟು. ಪ್ರಾಣಗಳ ಎಣಿಕೆಯಲ್ಲಿ ಅದಕ್ಕೂ ನಮಗೂ ಒಂದೂ ಹೆಚ್ಚು ಕಡಿಮೆಯಿಲ್ಲ. ನಾವಾದರೋ ಏಕೇಂದ್ರಿಯ ಜೀವಗಳ ರಕ್ಷಣೆಗೆಂದು ಕಂದಮೂಲಗಳನ್ನು ತ್ಯಜಿಸಿದವರು. ಕಣ್ಣಿಗೆ ಕಾಣದ ತ್ರಸಜೀವಗಳ ರಕ್ಷಣೆಗೆಂದು ನೀರನ್ನು ಸೋಸಿ ಕುಡಿಯುವವರು. ಸೂರ್ಯಾಸ್ತದ ಬಳಿಕ ಊಟವನ್ನು ಬಿಟ್ಟವರು. ಇಷ್ಟೆಲ್ಲ ಎಚ್ಚರಿಕೆಯುಳ್ಳ ಮನೆಯ ಅಂಗಳದಲ್ಲಿ ಹತ್ತು ಪ್ರಾಣಗಳ ಒಂದು ಮರಿಯು ಮರದಿಂದ ಬಿದ್ದು ಕೀಚಿಡುತ್ತಿರುವಾಗ, ಅದನ್ನು ದಾಟಿಕೊಂಡು ಅಭಿಷೇಕಕ್ಕೆ ಹೊರಟರೆ ನಮ್ಮ ಸೋಸುಬಟ್ಟೆಗೆ ಅರ್ಥವೇನು?

ಈ ಪ್ರಶ್ನೆ ಕಲ್ಪನೆಯದಲ್ಲ. ಹಿರಿಯ ಶ್ರಾವಕರೊಬ್ಬರು ತಮ್ಮ ಮನೆಯಲ್ಲಿ ನಡೆದ ಸಂಗತಿಯನ್ನು ಹೇಳಿ, ಅದರ ನಿರ್ಣಯವನ್ನು ಕೇಳಿದ್ದಾರೆ. ದಶಲಕ್ಷಣ ಪರ್ವದ ಕೊನೆಯ ದಿನ, ಅನಂತ ಚತುರ್ದಶಿ. ಮನೆಯವರೆಲ್ಲರಿಗೂ ಉಪವಾಸ. ಸಂಜೆಯ ಗಾಳಿಗೆ ಹಿತ್ತಲ ತೆಂಗಿನಿಂದ ಗೂಡು ಕಳಚಿ, ಇನ್ನೂ ಕಣ್ಣು ತೆರೆಯದ ಅಳಿಲ ಮರಿಯೊಂದು ನೆಲಕ್ಕೆ ಬಿದ್ದಿತು. ಸೊಸೆಯು ಅದನ್ನು ಬಟ್ಟೆಯಲ್ಲಿ ಎತ್ತಿಕೊಂಡು ಬಂದು, “ಮಾವನವರೇ, ಇದಕ್ಕೆ ಎರಡು ಹನಿ ಹಾಲು ಹಾಕಲೇ?” ಎಂದು ಕೇಳಿದಳು. ಅವರು, “ಬೇಡಮ್ಮ, ಹೊತ್ತು ಮುಳುಗಿತು. ಇಂದು ಚತುರ್ದಶಿ. ನಾವೂ ಉಣ್ಣುವಂತಿಲ್ಲ, ಉಣಿಸುವಂತೆಯೂ ಇಲ್ಲ. ಅದರ ಕರ್ಮವಿದ್ದಂತಾಗಲಿ, ಬೆಳಿಗ್ಗೆ ನೋಡೋಣ” ಎಂದರು. ಮರಿಯನ್ನು ಜಗುಲಿಯ ಮೂಲೆಯಲ್ಲಿ ಇಡಲಾಯಿತು. ಬೆಳಿಗ್ಗೆ ಪಾರಣೆಗೆ ಮುನ್ನ ನೋಡಿದಾಗ ಅದು ತಣ್ಣಗಾಗಿತ್ತು. “ಅಂದು ಸೊಸೆ ಪಾರಣೆಯ ತಟ್ಟೆಯ ಮುಂದೆ ಕುಳಿತು ಒಂದು ತುತ್ತನ್ನೂ ಎತ್ತಲಿಲ್ಲ. ನನ್ನ ವ್ರತ ಉಳಿಯಿತೋ, ಕೆಟ್ಟಿತೋ?” ಎಂಬುದೇ ಆ ಹಿರಿಯರ ಪ್ರಶ್ನೆ.

ಆ ಹಿರಿಯರನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ವ್ರತಭಂಗದ ಭಯವೂ ಒಂದು ಸದ್ಗುಣವೇ. ಆದರೆ ಆ ಒಂದು ಮಾತಿನಲ್ಲಿ ಮೂರು ಶಂಕೆಗಳು ಅಡಗಿವೆ. ಅವು ನಮ್ಮ ಅನೇಕ ಮನೆಗಳಲ್ಲಿಯೂ ಇರುವುದರಿಂದ ಒಂದೊಂದನ್ನೇ ಬಿಡಿಸಿ ನೋಡಬೇಕು.

ಮೊದಲನೆಯ ಶಂಕೆ: ‘ಅದರ ಕರ್ಮವಿದ್ದಂತಾಗಲಿ.’ ಜೀವವು ತನ್ನ ಕರ್ಮಫಲವನ್ನು ತಾನೇ ಅನುಭವಿಸುತ್ತದೆಂಬುದು ಸತ್ಯ. ಆದರೆ ಅಸಾತಾವೇದನೀಯದ ಉದಯಕ್ಕೆ ಬಿರುಗಾಳಿ ನಿಮಿತ್ತವಾದಂತೆ, ಸಾತಾವೇದನೀಯದ ಉದಯಕ್ಕೆ ಒಂದು ಕೈಯ ಬಿಸುಪು ನಿಮಿತ್ತವಾಗಬಹುದು. ಆ ಮರಿಯ ಕರ್ಮದಲ್ಲಿ ಸಾವೇ ಬರೆದಿದೆಯೆಂದು ತಿಳಿಯುವ ಜ್ಞಾನ ನಮಗಿಲ್ಲ. ಅದು ಕೇವಲಿಗಳ ವಿಷಯ. ನಮ್ಮ ಮಗುವಿಗೆ ಜ್ವರ ಬಂದಾಗ ಯಾರೂ ಹೀಗೆಂದು ಕುಳಿತುಕೊಳ್ಳುವುದಿಲ್ಲ, ವೈದ್ಯರ ಮನೆಗೆ ಓಡುತ್ತೇವೆ. ಆದುದರಿಂದ ಕರ್ಮಸಿದ್ಧಾಂತವನ್ನು ಅನ್ಯರ ದುಃಖಕ್ಕೆ ಮಾತ್ರ ಅನ್ವಯಿಸುವುದು ಸಿದ್ಧಾಂತವಲ್ಲ, ಪ್ರಮಾದ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ಪ್ರಾಣಿಮಾತ್ರದಲ್ಲಿ ಅನುಕಂಪೆಯನ್ನು ಮೊದಲಿಗೇ ಎಣಿಸಿದ್ದಾರೆ. ಪ್ರಶಮ, ಸಂವೇಗ, ಅನುಕಂಪಾ, ಆಸ್ತಿಕ್ಯ ಎಂಬ ನಾಲ್ಕು ಸಮ್ಯಗ್ದೃಷ್ಟಿಯ ಚಿಹ್ನೆಗಳೆಂಬುದನ್ನು ಬಲ್ಲೆವಷ್ಟೆ. ಅನುಕಂಪೆಯಿಲ್ಲದೆಡೆಯಲ್ಲಿ ಉಳಿದ ಮೂರನ್ನು ಹುಡುಕುವುದೂ ಕಷ್ಟವೇ.

ಎರಡನೆಯ ಶಂಕೆ: ‘ಹೊತ್ತು ಮುಳುಗಿತು.’ ರಾತ್ರಿಭೋಜನತ್ಯಾಗವು ಹುಟ್ಟಿದ್ದು ಯಾವ ಕಾರಣಕ್ಕೆ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆರನೆಯ ಪ್ರತಿಮೆಯಾಗಿ ರಾತ್ರಿಭುಕ್ತಿತ್ಯಾಗವನ್ನು ವಿವರಿಸುವಾಗ, ಆ ತ್ಯಾಗಿಯ ಮನಸ್ಸು ಪ್ರಾಣಿಗಳ ಮೇಲಣ ದಯೆಯಿಂದ ಕೂಡಿರುವುದೆಂದೇ ಹೇಳಿದ್ದಾರೆ. ದಯೆಯೇ ಆ ವ್ರತದ ಬೇರು. ಬೇರನ್ನು ಕಡಿದು ಕೊಂಬೆಗೆ ನೀರೆರೆದರೆ ಫಲವೆಲ್ಲಿಯದು? ಲೋಕದಲ್ಲಿಯೂ ನೋಡಿರಿ: ರಾತ್ರಿಭೋಜನವನ್ನು ತ್ಯಜಿಸಿದ ತಾಯಿಯು ಮೊಲೆಯುಣ್ಣುವ ಕೂಸು ನಡುರಾತ್ರಿಯಲ್ಲಿ ಅತ್ತರೆ ಬೆಳಗಾಗಲೆಂದು ಬಿಡುವುದಿಲ್ಲ. ಅದರಿಂದ ಆಕೆಯ ನಿಯಮ ಕೆಟ್ಟಿತೆಂದು ಯಾರೂ ಹೇಳಿಲ್ಲ. ಕಣ್ಣು ತೆರೆಯದ ಅಳಿಲ ಮರಿಯೂ ಮೊಲೆಯುಣ್ಣುವ ಕೂಸೇ ಅಲ್ಲವೇ? ಅದಕ್ಕೆ ವ್ರತವನ್ನು ಹೇರುವ ಅಧಿಕಾರ ನಮಗಿಲ್ಲ. ವ್ರತವು ಅರಿತು, ಇಚ್ಛಿಸಿ ಕೈಕೊಳ್ಳತಕ್ಕದ್ದು.

ಆದರೂ ಮರ್ಯಾದೆಯೊಂದುಂಟು. ಕೃತ, ಕಾರಿತ, ಅನುಮೋದನೆಗಳಿಂದ ರಾತ್ರಿಯ ಆಹಾರವನ್ನು ತ್ಯಜಿಸಿರುವ ಪ್ರತಿಮಾಧಾರಿಗಳು ಈ ಕಾರ್ಯವನ್ನು ತಾವೇ ಮಾಡುವುದಕ್ಕಿಂತ, ಮರಿಯನ್ನು ಹಗಲಿನಲ್ಲಿಯೇ ಮನೆಯ ಇತರರಿಗೆ ಅಥವಾ ನೆರೆಯವರಿಗೆ ಒಪ್ಪಿಸುವುದು ಯೋಗ್ಯ. ಸಂದೇಹವಿದ್ದಲ್ಲಿ ವ್ರತವಿತ್ತ ಗುರುಗಳನ್ನೇ ಕೇಳತಕ್ಕದ್ದು. ಸಾಮಾನ್ಯ ಗೃಹಸ್ಥರು ರಾತ್ರಿ ಒಲೆ ಹೊತ್ತಿಸದಂತೆ ಬಿಸಿನೀರನ್ನು ಹಗಲೇ ಕಾಯಿಸಿ ಥರ್ಮಾಸಿನಲ್ಲಿಡಬಹುದು. ಹುಳುಗಳು ಮುತ್ತದಂತೆ ದೀಪವನ್ನು ಮರೆಮಾಡಬಹುದು. ಹಾಲನ್ನು ಮರ್ಯಾದೆಯ ಕಾಲ ಮೀರದಂತೆ ಕಾಯಿಸಿ ಮುಚ್ಚಿಡಬಹುದು. ಹೀಗೆ ಯತ್ನಾಚಾರವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ಮೂರನೆಯ ಶಂಕೆ: ‘ಇಂದು ಉಪವಾಸ.’ ಪ್ರೋಷಧೋಪವಾಸದಲ್ಲಿ ನಾಲ್ಕು ವಿಧದ ಆಹಾರವನ್ನೂ ಗೃಹಕೃತ್ಯದ ಆರಂಭಗಳನ್ನೂ ಬಿಡಬೇಕೆಂದಿದೆ. ವ್ಯಾಪಾರ, ಅಲಂಕಾರ, ವಿನೋದಗಳು ಆರಂಭ. ಪ್ರಾಣ ಹೋಗುತ್ತಿರುವ ಜೀವವನ್ನು ಬೆಚ್ಚಗಿಡುವುದು ಆ ಸಾಲಿಗೆ ಸೇರದು. ಅನಶನವು ಆರು ಬಾಹ್ಯತಪಗಳಲ್ಲಿ ಒಂದು. ಬಾಹ್ಯತಪವು ಅಭ್ಯಂತರತಪಕ್ಕೆ ಸಾಧನ. ಅಭ್ಯಂತರತಪಗಳಲ್ಲಿ ಒಂದಾದ ವೈಯಾವೃತ್ಯವು ಮುಖ್ಯವಾಗಿ ಸಂಯಮಿಗಳ ಸೇವೆಗೆ ಸಂಬಂಧಿಸಿದ್ದು, ನಿಜ. ಆದರೆ ಹೇಸಿಕೆಯಿಲ್ಲದೆ ಇನ್ನೊಬ್ಬರ ದೇಹಬಾಧೆಯನ್ನು ನೀಗಿಸುವ ಮನಸ್ಸು ಅಲ್ಲಿ ಮಾತ್ರ ಒಮ್ಮೆಲೇ ಹುಟ್ಟುವುದಿಲ್ಲ. ಅದು ಮನೆಯಂಗಳದಲ್ಲಿ ಅಭ್ಯಾಸವಾಗಬೇಕು. ಇನ್ನು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ನೆನೆಯಿರಿ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಅತಿಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ನಮ್ಮ ಆಶ್ರಯಕ್ಕೆ ಬಂದ ಪ್ರಾಣಿಗೆ ಹಾಲನ್ನು ತಡೆದರೆ ಈ ಕೊನೆಯ ದೋಷಕ್ಕೆ ಎಷ್ಟು ಸಮೀಪ ಹೋದಂತಾಯಿತೆಂಬುದನ್ನು ಪ್ರತಿಯೊಬ್ಬರೂ ವಿಚಾರಿಸಿಕೊಳ್ಳಬೇಕು. ನಾವು ಹಸಿದಿರುವುದು ತಪ. ನಮ್ಮ ತಪದ ಹೆಸರಿನಲ್ಲಿ ಇನ್ನೊಂದು ಜೀವವನ್ನು ಹಸಿದಿಡುವುದು ತಪವಲ್ಲ.

ಆ ಹಿರಿಯರ ಪ್ರಶ್ನೆಗೆ ನಮ್ಮ ಅಲ್ಪಮತಿಗೆ ತೋರುವ ಉತ್ತರವಿಷ್ಟು: ಅನಶನ ಉಳಿಯಿತು, ಅನಶನದ ಪ್ರಾಣವಾದ ದಯೆ ಒಂದು ರಾತ್ರಿಯ ಮಟ್ಟಿಗೆ ಮರೆಯಾಯಿತು. ಅವರ ಮನಸ್ಸು ನೊಂದು ಕೇಳಿತಲ್ಲ, ಅದೇ ಆಲೋಚನೆಯ ಮೊದಲ ಹೆಜ್ಜೆ. ಸೊಸೆಯ ಕಣ್ಣೀರನ್ನು ಅವರು ಅಪಶಕುನವೆಂದು ತಿಳಿಯದೆ, ಮನೆಯಲ್ಲಿ ಅನುಕಂಪೆ ಜೀವಂತವಾಗಿದೆಯೆಂಬುದಕ್ಕೆ ಸಾಕ್ಷಿಯೆಂದು ತಿಳಿಯಲಿ.

ನಮ್ಮ ಪುರಾಣಗಳಲ್ಲಿ ಇದಕ್ಕೆ ದೃಷ್ಟಾಂತಗಳ ಕೊರತೆಯಿಲ್ಲ. ಪಾರ್ಶ್ವಕುಮಾರನು ಪಂಚಾಗ್ನಿತಪಸ್ವಿಯ ಕಟ್ಟಿಗೆಯೊಳಗೆ ಸರ್ಪಯುಗಲವಿರುವುದನ್ನು ಅರಿತು ತಡೆದನು. ತಪಸ್ಸೆಂಬ ಹೆಸರಿದ್ದಮಾತ್ರಕ್ಕೆ ಹಿಂಸೆ ಧರ್ಮವಾಗದೆಂದು ಆ ಕಥೆ ಸಾರುತ್ತದೆ. ನೇಮಿಕುಮಾರನು ವಿವಾಹಮಂಟಪದ ದಾರಿಯಲ್ಲಿ ಕೂಡಿಹಾಕಿದ್ದ ಮೃಗಗಳ ಆರ್ತಸ್ವರವನ್ನು ಕೇಳಿ ರಥವನ್ನು ತಿರುಗಿಸಿದನು; ಶುಭಮುಹೂರ್ತ ಮೀರುವುದೆಂದು ಮುಂದೆ ಸಾಗಲಿಲ್ಲ. ಜೀವಂಧರನು ಏಟು ತಿಂದು ಸಾಯುತ್ತಿದ್ದ ನಾಯಿಯ ಬಳಿ ಕುಳಿತು ಪಂಚನಮಸ್ಕಾರ ಮಂತ್ರವನ್ನು ಕೇಳಿಸಿದನು. ಆ ಜೀವವೇ ಸುದರ್ಶನ ಯಕ್ಷನಾಗಿ ಹುಟ್ಟಿ ಅವನಿಗೆ ನೆರವಾಯಿತು. ನಮ್ಮ ಕಾಲದಲ್ಲಿಯೂ ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಪಕ್ಷಿಗಳ ಧರ್ಮಾಸ್ಪತ್ರೆ ನಡೆಯುತ್ತಿದೆ. ೧೯೨೯ರಲ್ಲಿ ಆರಂಭವಾದ ಸೇವೆಯದು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೂರನ್ನು ಒಂದೇ ಅಂಗೈಯಲ್ಲಿ ಕೊಡುವ ಅವಕಾಶ ಗಾಯಗೊಂಡ ಒಂದು ಸಣ್ಣ ಜೀವದಿಂದ ನಮಗೆ ದೊರೆಯುತ್ತದೆ.

ಆದರೆ ದಯೆಗೆ ವಿವೇಕವೂ ಬೇಕು. ಅಜ್ಞಾನದ ದಯೆಯೂ ಕೊಲ್ಲಬಲ್ಲುದು. ಆದುದರಿಂದ ವಿಧಾನವನ್ನು ಅರಿಯೋಣ.

ಅಳಿಲು ಸಾಮಾನ್ಯವಾಗಿ ಒಂದು ಸೂಲಿಗೆ ಎರಡು ಮೂರು ಮರಿ ಹಾಕುತ್ತದೆ. ಹುಟ್ಟಿದಾಗ ಅವಕ್ಕೆ ರೋಮವಿರದು, ಕಣ್ಣು ಮುಚ್ಚಿರುತ್ತವೆ. ಕಣ್ಣು ತೆರೆಯಲು ಸುಮಾರು ಮೂರು ವಾರ ಅಥವಾ ಅದಕ್ಕೂ ಹೆಚ್ಚು ಬೇಕು. ಬಿದ್ದ ಮರಿಗೆ ಗಾಯವಿಲ್ಲದಿದ್ದರೆ ಅದರ ಮೊದಲ ಔಷಧ ತಾಯಿಯೇ. ಮನುಷ್ಯನ ಕೈ ತಾಗಿದ ಮರಿಯನ್ನು ತಾಯಿ ಬಿಡುವುದೆಂಬುದು ತಪ್ಪು ನಂಬಿಕೆ. ಮರಿಯನ್ನು ಬೆಚ್ಚಗೆ ಮಾಡಿ, ಬಟ್ಟೆ ಹಾಸಿದ ಸಣ್ಣ ಬುಟ್ಟಿಯಲ್ಲಿಟ್ಟು, ಬಿದ್ದ ಮರಕ್ಕೇ ಬೆಕ್ಕು, ಕಾಗೆ, ಇರುವೆಗಳಿಗೆ ಎಟುಕದಂತೆ ಕಟ್ಟಿ, ಹಗಲಿನಲ್ಲಿ ಕೆಲವು ಗಂಟೆ ದೂರದಿಂದ ಕಾಯಬೇಕು. ತಾಯಿ ಬಂದರೆ ಮರಿಯನ್ನು ಬಾಯಿಯಲ್ಲಿ ಕಚ್ಚಿಕೊಂಡು ಬೇರೆ ಗೂಡಿಗೆ ಒಯ್ಯುತ್ತದೆ. ಇದೇ ಉತ್ತಮ ಪರಿಹಾರ. ಸಂಜೆಯಾದರೂ ಬಾರದಿದ್ದರೆ, ಅಥವಾ ತಾಯಿ ಸತ್ತಿರುವುದು ತಿಳಿದಿದ್ದರೆ ಮಾತ್ರ ಮರಿಯನ್ನು ಒಳಗೆ ತರಬೇಕು.

ಒಳಗೆ ತಂದಾಗ ಮೊದಲು ಬಿಸುಪು, ಆಮೇಲೆ ನೀರು, ಕೊನೆಗೆ ಹಾಲು. ಈ ಕ್ರಮವನ್ನು ಮರೆಯಬಾರದು. ತಣ್ಣಗಾದ ಮೈಯಲ್ಲಿ ಹಾಲು ಜೀರ್ಣವಾಗದೆ ಅದೇ ಮೃತ್ಯುವಾಗುತ್ತದೆ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ನೂಲು ಬಿಟ್ಟಿರದ ಮೆತ್ತನೆಯ ಹತ್ತಿಬಟ್ಟೆ ಹಾಸಿ, ಬಿಸಿನೀರಿನ ಸೀಸೆಗೆ ಬಟ್ಟೆ ಸುತ್ತಿ ಒಂದು ಬದಿಯಲ್ಲಿ ಮಾತ್ರ ಇಡಬೇಕು. ಕಾವು ಹೆಚ್ಚಾದರೆ ಮರಿ ಇನ್ನೊಂದು ಬದಿಗೆ ಸರಿಯಲಿ. ಹಸುವಿನ ಹಾಲು, ಎಮ್ಮೆಯ ಹಾಲು ಸಣ್ಣ ಮರಿಗಳಿಗೆ ಭೇದಿಯನ್ನುಂಟುಮಾಡುತ್ತವೆ. ಮೇಕೆಯ ಹಾಲನ್ನೋ, ಪ್ರಾಣಿಗಳ ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿಯನ್ನೋ ಎಷ್ಟು, ಎಷ್ಟು ಹೊತ್ತಿಗೊಮ್ಮೆ ಕೊಡಬೇಕೆಂಬುದನ್ನು ಪಶುವೈದ್ಯರಿಂದ ತಿಳಿಯಬೇಕು. ಪುಡಿಯ ಡಬ್ಬಿಯ ಮೇಲೆ ಬರೆದ ಪದಾರ್ಥಗಳನ್ನು ನಮ್ಮ ಮನೆಗಳಲ್ಲಿ ಓದಿಯೇ ತರಬೇಕಾದೀತು. ಕೆಲವರು ಜೇನುತುಪ್ಪ ನೆಕ್ಕಿಸಲು ಹೇಳುವರು. ಮೂಲಗುಣಧಾರಿಗಳಾದ ನಮಗೆ ಮಧು ವರ್ಜ್ಯ, ಮರಿಗೂ ಅದರ ಅಗತ್ಯವಿಲ್ಲ.

ಹಾಲನ್ನು ಸೂಜಿ ತೆಗೆದ ಸಣ್ಣ ಸಿರಿಂಜಿನಿಂದ ಹನಿಹನಿಯಾಗಿ, ಮರಿಯ ಹೊಟ್ಟೆ ಕೆಳಗಾಗಿ ತಲೆ ತುಸು ಮೇಲಾಗಿರುವಂತೆ ಹಿಡಿದು ಕೊಡಬೇಕು. ಅಂಗಾತ ಮಲಗಿಸಿ ಕುಡಿಸಬಾರದು. ಮೂಗಿನಲ್ಲಿ ಹಾಲು ಬಂದರೆ ತಕ್ಷಣ ನಿಲ್ಲಿಸಬೇಕು. ಅವಸರದಿಂದ ಹಾಲು ಶ್ವಾಸಕೋಶ ಸೇರಿ ಸಾಯುವ ಮರಿಗಳುಂಟು. ಕುಡಿಸಿದ ಬಳಿಕ ಬೆಚ್ಚನೆಯ ಒದ್ದೆಬಟ್ಟೆಯಿಂದ ಹಿಂಭಾಗವನ್ನು ಮೆಲ್ಲಗೆ ಒರೆಸಬೇಕು. ತಾಯಿಯು ನಾಲಿಗೆಯಿಂದ ಮಾಡುವ ಈ ಕಾರ್ಯವಿಲ್ಲದೆ ಕಣ್ಣು ತೆರೆಯದ ಮರಿಯು ಮಲಮೂತ್ರ ವಿಸರ್ಜಿಸಲಾರದು. ಇಲ್ಲಿ ಮೂಗು ಮುಚ್ಚಿಕೊಳ್ಳುವವರು ನಿರ್ವಿಚಿಕಿತ್ಸಾ ಅಂಗದ ಉದ್ದಾಯನ ಮಹಾರಾಜನನ್ನು ಸ್ಮರಿಸಲಿ.

ಬೆಕ್ಕು ಕಚ್ಚಿದ ಅಳಿಲಿಗೆ ಹೊರಗೆ ಗಾಯ ಕಾಣದಿದ್ದರೂ ಮನೆಮದ್ದು ಸಾಲದು. ಬೆಕ್ಕಿನ ಹಲ್ಲಿನ ನಂಜು ಬೇಗ ರಕ್ತಕ್ಕೇರುತ್ತದೆ. ಅಂದೇ ಪಶುವೈದ್ಯರ ಬಳಿಗೆ ಒಯ್ಯಬೇಕು. ವಿದ್ಯುತ್ ತಗುಲಿದ, ಕಾಲು ಮುರಿದ, ಗಾಳಿಪಟದ ಮಾಂಜಾ ಸುತ್ತಿಕೊಂಡ ಅಳಿಲಿಗೂ ಹಾಗೆಯೇ. ಬೆಳೆದ ಅಳಿಲು ನೋವಿನಲ್ಲಿ ಕಚ್ಚುತ್ತದೆ. ದಪ್ಪ ಬಟ್ಟೆ ಹಾಕಿ ಎತ್ತಬೇಕು. ಕಚ್ಚಿದರೆ ಗಾಯವನ್ನು ಸಾಬೂನಿನಿಂದ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಬೇಕು. ‘ಔಷಧದಿಂದ ಸೂಕ್ಷ್ಮಜೀವಿಗಳ ಹಿಂಸೆಯಾಗದೇ?’ ಎಂದು ಕೇಳುವವರುಂಟು. ಗೃಹಸ್ಥನು ಸಂಪೂರ್ಣವಾಗಿ ಬಿಡಬೇಕಾದದ್ದು ಸಂಕಲ್ಪೀ ಹಿಂಸೆ. ತನ್ನ ಮಕ್ಕಳಿಗೆ ಕೊಡುವ ಔಷಧವನ್ನು ಅಳಿಲಿಗೆ ಕೊಡುವಾಗ ಮಾತ್ರ ಈ ಸೂಕ್ಷ್ಮ ನೆನಪಾದರೆ ಅದು ದಯೆಯಲ್ಲ, ನೆಪ.

ಇನ್ನೊಂದು ಮುಖ್ಯ ವಿಷಯ. ಉಳಿಸಿದ ಜೀವವನ್ನು ಉಳಿಸಿಕೊಳ್ಳಬೇಕೆಂಬ ಆಸೆ ಹುಟ್ಟುತ್ತದೆ. ಅಂಗೈಯಲ್ಲಿ ನಿದ್ರಿಸಿದ ಮರಿ ಹೆಗಲೇರಿ ಆಡುವಾಗ ಮನೆಯ ಮಕ್ಕಳು ಅದಕ್ಕೆ ಹೆಸರಿಡುತ್ತಾರೆ, ಪಂಜರ ತರಲು ಹೇಳುತ್ತಾರೆ. ಆಗ ಎಚ್ಚರ! ಅತಿಚಾರಗಳ ಪಟ್ಟಿಯಲ್ಲಿ ಮೊದಲನೆಯದೇ ಬಂಧ. ಹಾಲು ಕೊಟ್ಟು ಅನ್ನಪಾನನಿರೋಧವನ್ನು ತಪ್ಪಿಸಿಕೊಂಡವನು ಪಂಜರ ತಂದು ಬಂಧದಲ್ಲಿ ಬೀಳಬಾರದು. ‘ಇದು ನನ್ನದು’ ಎಂದ ಕ್ಷಣದಲ್ಲಿ ದಯೆಯು ಪರಿಗ್ರಹವಾಗಿ ತಿರುಗುತ್ತದೆ. ಗಾಯ ಮಾಯುವ ತನಕ, ಮರಿಯು ತಾನೇ ತಿನ್ನುವ ತನಕ ಇರುವ ಆಶ್ರಯವು ಬಂಧವಲ್ಲ. ಅದರಾಚೆಗಿನ ಪ್ರತಿದಿನವೂ ಬಂಧವೇ. ಸುಮಾರು ಎರಡೂವರೆ-ಮೂರು ತಿಂಗಳಲ್ಲಿ ಅದು ಮರ ಹತ್ತಿ, ಕಾಯಿ ಕಡಿದು ತಿನ್ನಬಲ್ಲುದು. ಆಗ ಮರಗಳಿರುವ, ಬೇರೆ ಅಳಿಲುಗಳು ಓಡಾಡುವ ತಾಣದಲ್ಲಿ ಬೆಳಗಿನ ಹೊತ್ತು ಗೂಡಿನ ಬಾಗಿಲನ್ನು ತೆರೆದಿಟ್ಟು, ಕೆಲವು ದಿನ ಅಲ್ಲಿಯೇ ಕಾಳು-ನೀರು ಇಟ್ಟು, ಅದು ತಾನಾಗಿ ದೂರವಾಗುವಂತೆ ಬಿಡಬೇಕು. ಕಾಡುಜೀವಿಗಳ ವಿಷಯದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಇರುವುದರಿಂದ ಸಮೀಪದ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ನಡೆಯುವುದು ಉಚಿತ. ಜೀವಿಗಳಲ್ಲಿ ಕರುಣೆ ತೋರುವುದು ನಾಗರಿಕನ ಮೂಲಭೂತ ಕರ್ತವ್ಯವೆಂದು ೧೯೭೬ರಲ್ಲಿ ನಮ್ಮ ಸಂವಿಧಾನಕ್ಕೂ ಸೇರಿಸಲಾಗಿದೆ. ಬಿಡುವ ದಿನ ಮಕ್ಕಳು ಅತ್ತರೆ ಅಳಲಿ. ಪ್ರೀತಿಸಿದ್ದನ್ನು ಬಿಡುವುದೇ ತ್ಯಾಗವೆಂಬ ಪಾಠ ಅವರಿಗೆ ಉತ್ತಮ ತ್ಯಾಗಧರ್ಮದ ದಿನದ ಉಪನ್ಯಾಸಕ್ಕಿಂತ ಚೆನ್ನಾಗಿ ಅಂದು ತಿಳಿಯುತ್ತದೆ.

ಎಲ್ಲ ಯತ್ನಗಳನ್ನು ಮಾಡಿದರೂ ಅನೇಕ ಮರಿಗಳು ಉಳಿಯುವುದಿಲ್ಲ. ಆಗ ‘ಎಲ್ಲ ವ್ಯರ್ಥವಾಯಿತು’ ಎನ್ನಬಾರದು. ಅದನ್ನು ಬೆಚ್ಚಗೆ, ಸದ್ದಿಲ್ಲದ ಕಡೆಯಲ್ಲಿರಿಸಿ, ಜೀವಂಧರನಂತೆ ಮೆಲುದನಿಯಲ್ಲಿ ಣಮೋಕಾರ ಮಂತ್ರವನ್ನು ಹೇಳಿರಿ. ಕೇಳುವ ಕಿವಿ ಅದಕ್ಕೂ ಇದೆ; ಇಲ್ಲವಾದರೂ ಹೇಳುವ ನಾಲಿಗೆ ನಮ್ಮದು ಶುದ್ಧವಾಗುತ್ತದೆ. ಕಾರ್ಯದ ಫಲ ಆಯುಃಕರ್ಮಕ್ಕೆ ಅಧೀನ, ಭಾವದ ಫಲ ನಮಗೆ ಅಧೀನ.

ಚಿಕಿತ್ಸೆಗಿಂತ ಮಿಗಿಲಾದದ್ದು ಗಾಯವಾಗದಂತೆ ನಡೆಯುವುದು. ಇದು ಅನರ್ಥದಂಡವ್ರತದ ವಿಷಯ. ಕಾರಣವಿಲ್ಲದೆ ಕೊಂಬೆ ಕಡಿಸುವುದು ಪ್ರಮಾದಚರ್ಯೆ. ನೆರೆಯವರಿಗೆ ಇಲಿಪಾಷಾಣವನ್ನು, ಅಂಟುಬಲೆಯನ್ನು ಎರವಲು ಕೊಡುವುದು ಹಿಂಸಾದಾನ; ಇಲಿಗೆಂದು ಇಟ್ಟದ್ದರಲ್ಲಿ ಅಳಿಲೂ ಸಿಕ್ಕಿ ನರಳುತ್ತದೆ, ಇಲಿಯೂ ಪಂಚೇಂದ್ರಿಯವೇ ಎಂಬುದನ್ನು ಮರೆಯಬಾರದು. ಆದುದರಿಂದ ಈ ಚಾತುರ್ಮಾಸದಲ್ಲಿ ಪ್ರತಿಯೊಂದು ಮನೆಯವರೂ ಯಥಾಶಕ್ತಿ ಈ ನಿಯಮಗಳನ್ನು ಕೈಕೊಳ್ಳಬಹುದು:

ತೆಂಗಿನಕಾಯಿ ಕೀಳಿಸುವ ಮುನ್ನ, ಗರಿ ಸವರಿಸುವ ಮುನ್ನ, ಮರವೇರುವವನಿಗೆ ಗೂಡು ನೋಡಲು ಹೇಳಿ, ಮರಿಗಳಿದ್ದರೆ ಆ ಕೆಲಸವನ್ನು ಮುಂದೂಡುವುದು. ಪರ್ವಕ್ಕೆ ಮುಂಚೆ ಅಟ್ಟ, ಹೆಂಚು, ಬಸದಿಯ ಮೂಲೆಗಳನ್ನು ಗುಡಿಸುವಾಗ ನಾರು ಹತ್ತಿಯ ಮುದ್ದೆಯನ್ನು ಬಿಚ್ಚಿ ನೋಡದೆ ಎಸೆಯದಿರುವುದು. ಕಟ್ಟಿಗೆಯನ್ನು, ಒಣಗರಿಯನ್ನು ಕೊಡವಿ ನೋಡದೆ ಒಲೆಗೆ ಹಾಕದಿರುವುದು. ಪಾರ್ಶ್ವನಾಥ ಸ್ವಾಮಿಯ ಕಥೆಯನ್ನು ಕೇಳಿದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರಿನ ತೊಟ್ಟಿ, ಹಂಡೆಗಳನ್ನು ಮುಚ್ಚಿಡುವುದು; ಮುಚ್ಚಲಾಗದ ತೊಟ್ಟಿಯಲ್ಲಿ ಬಿದ್ದ ಜೀವ ಹತ್ತಿಬರಲು ಒಂದು ಒರಟು ಕೋಲನ್ನು ಓರೆಯಾಗಿ ನಿಲ್ಲಿಸುವುದು. ಮಕ್ಕಳ ಕೈಗೆ ಮಾಂಜಾ ದಾರವನ್ನು, ಕವಣೆಯನ್ನು ಕೊಡದಿರುವುದು. ಸಮೀಪದ ಪಶುವೈದ್ಯರು ಎಲ್ಲಿರುವರೆಂಬುದನ್ನು ಮೊದಲೇ ತಿಳಿದಿಡುವುದು. ಇವುಗಳಲ್ಲಿ ಒಂದಕ್ಕೂ ಹಣ ಬೇಡ, ಒಂದು ಹೊತ್ತಿನ ಊಟವನ್ನೂ ಬಿಡಬೇಕಾಗಿಲ್ಲ, ಬೇಕಾದದ್ದು ಎಚ್ಚರಿಕೆಯೊಂದೇ. ಎಚ್ಚರಿಕೆಯೇ ಅಪ್ರಮಾದ, ಅಪ್ರಮಾದವೇ ಅಹಿಂಸೆ.

ಭವ್ಯಬಂಧುಗಳೇ, ಉಪವಾಸದ ದಿನಗಳಲ್ಲಿ ನಾವು ಹಸಿವೆಂದರೇನೆಂಬುದನ್ನು ಮೈಯಿಂದ ಅರಿಯುತ್ತೇವೆ. ಬಾಯಿ ಒಣಗುತ್ತದೆ, ಕಾಲು ಸೋಲುತ್ತದೆ, ರಾತ್ರಿ ದೀರ್ಘವೆನಿಸುತ್ತದೆ. ಆದರೂ ನಮಗೆ ಗೊತ್ತು: ಬೆಳಗಾಗುತ್ತದೆ, ಪಾರಣೆಯಿದೆ. ತಾಯಿಯನ್ನು ಕಳೆದುಕೊಂಡ ಮರಿಗೆ ಆ ಭರವಸೆಯಿಲ್ಲ. ಸಕಲ ಜೀವಗಳಲ್ಲಿ ಮೈತ್ರಿ, ಗುಣಿಗಳಲ್ಲಿ ಪ್ರಮೋದ, ದುಃಖಿಗಳಲ್ಲಿ ಕಾರುಣ್ಯ, ವಿಪರೀತರಲ್ಲಿ ಮಾಧ್ಯಸ್ಥ್ಯ ಎಂದು ನಿತ್ಯವೂ ಭಾವಿಸುವ ನಮಗೆ, ಆ ಮೂರನೆಯ ಭಾವನೆಯ ಪರೀಕ್ಷೆ ಮರದ ಬುಡದಲ್ಲಿ ಬಿದ್ದು ಕಾಯುತ್ತಿರಬಹುದು. ನಮ್ಮ ಹಸಿವು ಇನ್ನೊಂದು ಜೀವದ ಹಸಿವನ್ನು ಅರಿಯುವ ಕಣ್ಣಾಗಲಿ. ವ್ರತವು ದಯೆಯಿಂದ ಬೆಳಗಲಿ, ದಯೆಯು ವ್ರತದಿಂದ ನೆಲೆನಿಲ್ಲಲಿ.

ಸರ್ವಜೀವಗಳಿಗೂ ಶಾಂತಿಯಾಗಲಿ. ಭದ್ರಂ ಭೂಯಾತ್.